ಫಟಫಟಿಯ ಹಿಂದಿನ ಸೀಟು

ಮೊಮ್ಮಗನ ಗೆಳೆಯರು ಮೋಟರ್‌ಸೈಕಲ್ ಮೇಲೆ ಲಡಾಖಿಗೆ ಹೋಗಿಬಂದರಂತೆ. ಫೋನಿನಲ್ಲಿ ಫೋಟೋ ತೋರಿಸಿ, “ಅಜ್ಜಾ, ನಿಮ್ಮ ಕಾಲಕ್ಕ ಇಂಥಾವೆಲ್ಲಾ ಇದ್ವೇನು?” ಅಂತ ಕೇಳಿದರು. ಇದ್ವಪ್ಪ, ಯಾಕಿರಲಿಲ್ಲ? ನಾವೂ ಹೋಗುತ್ತಿದ್ದೆವು, ಶಿರಸಿಯಿಂದ ಯಲ್ಲಾಪುರಕ್ಕೆ. ಅದೂ ಒಂದೊಂದು ಸಲ ಮುಟ್ಟುತ್ತಿರಲಿಲ್ಲ.

ಅರವತ್ತರ ದಶಕದ ಶುರುವಿನ ಮಾತು. ನಾವು ಮೂವರು, ಗಾಡಿ ಎರಡು. ಮೊದಲನೆಯವನು ಹೇರೂರು ಕಡೆಯ ಹವ್ಯಕರ ಮನೆಯ ಒಬ್ಬನೇ ಮಗ. ಅವರಲ್ಲಿ ಎದುರು ಸಿಕ್ಕ ಗಂಡಸರನ್ನೆಲ್ಲ ‘ಭಾವ’ ಅನ್ನುವುದು ರೂಢಿ. ಇವನು ಮಾತ್ರ ಜಾತಿ-ಗೀತಿ ಎನ್ನದೆ ಇಡೀ ಶಿರಸಿ ಪೇಟೆಗೇ ಭಾವನಾಗಿಬಿಟ್ಟಿದ್ದ. ಅವನ ಫಟಫಟಿ ಮಿಲಿಟರಿಯವರು ಸಾಕಪ್ಪಾ ಸಾಕು ಅಂತ ಬಿಸಾಕಿದ್ದು. ಅದಕ್ಕೆ ಹುಬ್ಬಳ್ಳಿಯ ಗುಜರಿಯವನೊಬ್ಬ ಹಸಿರು ಬಣ್ಣ ಬಳಿದು ಇವನ ತಲೆಗೆ ಕಟ್ಟಿದ್ದ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷ ಆಗಿದ್ದರೂ ಆ ಗಾಡಿಯ ನಂಬರ್ ಪ್ಲೇಟಿಗೆ ಸುದ್ದಿ ಮುಟ್ಟಿರಲಿಲ್ಲ, ಅದಿನ್ನೂ ಮುಂಬಯಿಯಲ್ಲೇ ಇತ್ತು.

ಎರಡನೆಯವರು ಡ್ರಾಯಿಂಗ್ ಮಾಸ್ತರು, ಕುಮಟೆ ಕಡೆಯ ಕೊಂಕಣಿ ಜನ. ಅವರ ಸಣ್ಣ ಗಾಡಿ ಒದ್ದರೆ ಚಾಲೂ ಆಗುವ ಪೈಕಿ ಅಲ್ಲ. ಒಂದೋ ನೂಕಬೇಕು, ಇಲ್ಲವೋ ಇಳಿಜಾರು ಬೇಕು. ಹಾಗಾಗಿ ಮಾಸ್ತರು ಎಲ್ಲಿ ಹೋದರೂ ಮೊದಲು ನೆಲ ಎತ್ತ ವಾಲಿದೆ ಅಂತ ನೋಡುತ್ತಿದ್ದರು. ಶಿರಸಿಯಲ್ಲಿ ಬಾಡಿಗೆ ಮನೆ ಹಿಡಿದದ್ದೂ ಅದೇ ಲೆಕ್ಕದ ಮೇಲೆ. ಮನೆಗೆ ಗಾಳಿ ಇರಲಿಲ್ಲ, ಬೆಳಕಿರಲಿಲ್ಲ, ಬಾಗಿಲ ಮುಂದೆ ಒಳ್ಳೆ ಇಳಿಜಾರು ಇತ್ತು.

ಮೂರನೆಯವನು ನಾನು. ಬನವಾಸಿ ಕಡೆಯಿಂದ ಬಂದು ಪೇಟೆಯಲ್ಲಿ ಜವಳಿ ಅಂಗಡಿ ಹಾಕಿದವರ ಮಗ. ನನಗೆ ಗಾಡಿ ಇರಲಿಲ್ಲ, ನಾಲಿಗೆ ಇತ್ತು. ಭಾವನ ಹಿಂದಿನ ಸೀಟು ನನ್ನದು. ಸ್ಪ್ರಿಂಗ್ ಸೀಟು, ಬೇರೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ದಾರಿಯಲ್ಲಿ ಕಂಡವರ ಮೇಲೆಲ್ಲ ಒಂದೊಂದು ಮಾತು ಎಸೆಯುವುದು, ಮುಂದೆ ಕೂತವನನ್ನು ನಗಿಸುವುದು, ಇಷ್ಟೇ ನನ್ನ ಕೆಲಸ. ಮಾತಿನಲ್ಲಿ ನನ್ನನ್ನು ಮೀರಿಸುವವರು ಶಿರಸಿಯಲ್ಲಿ ಇಲ್ಲ ಅಂತ ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ.

ರಸ್ತೆಗಳೋ, ಖಾಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ನಡುವೆ ಮರದ ನಾಟಾ ತುಂಬಿದ ಲಾರಿ ಬಂದರೆ ಬಂತು, ಇಲ್ಲವೆಂದರೆ ಮೈಲಿಗಟ್ಟಲೆ ನಾವೇ ರಾಜರು. ಮೂವರಿಗೂ ಮಿಲಿಟರಿ ಕನ್ನಡಕ, ಸೆಕೆಯಲ್ಲೂ ಕೋಟು. ಒಂದು ತಾಸು ಓಡಿಸಿದರೆ ಕನ್ನಡಕದಡಿ ಎರಡು ಬಿಳಿ ಗುಂಡು ಬಿಟ್ಟು ಉಳಿದ ಮೈಯೆಲ್ಲ ಕೆಂಪು ಧೂಳು. ಇಷ್ಟಾದರೂ ನಮ್ಮ ಜಂಬ ನೋಡಬೇಕಿತ್ತು! ವಿಮಾನ ಇಳಿಸಿ ಬಂದವರ ಹಾಗೆ ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಚಾಚುತ್ತಿದ್ದೆವು.

ತೊಂದರೆ ಇದ್ದದ್ದು ಶಬ್ದದ್ದು. ಭಾವನ ಗಾಡಿ ಬರುವುದು ಎರಡು ಮೈಲಿ ಮೊದಲೇ ಕೇಳುತ್ತಿತ್ತು. ದನಗಳು ದಾರಿ ಬಿಟ್ಟು ಓಡುತ್ತಿದ್ದವು, ಭಾವನ ನೆಂಟರು ದಾರಿಗೆ ಬಂದು ನಿಲ್ಲುತ್ತಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹವ್ಯಕರ ಮನೆಗೆ ಕಾಲಿಟ್ಟರೆ ಮೊದಲ ಮಾತೇ ‘ಆಸ್ರಿಗೆ’. ಅಂದರೆ ಬಾಯಾರಿಕೆಗೆ ಏನು ಕೊಡಲಿ ಅಂತ. ಬೆಲ್ಲ-ನೀರೋ, ಕಷಾಯವೋ, ಮಜ್ಜಿಗೆಯೋ ಕುಡಿಯದೆ ಬಂದ ಕಾರಣವನ್ನೇ ಹೇಳುವಂತಿಲ್ಲ. ಆಮೇಲೆ ಎಲೆ-ಅಡಿಕೆ, ಅದಕ್ಕೆ ಕವಳ ಅಂತಾರೆ. ಕವಳದ ಜೊತೆಗೆ ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರ ಮಗಳಿಗೆ ಗಂಡು ಬಂತು ಅನ್ನುವುದೆಲ್ಲ ಮುಗಿಯಬೇಕು. ಬಹಳ ಒಳ್ಳೆಯ ಪದ್ಧತಿ, ಇಲ್ಲ ಅನ್ನುವುದಿಲ್ಲ. ನಾನೇ ಎಷ್ಟು ಮನೆಯಲ್ಲಿ ಕಷಾಯ ಕುಡಿದಿದ್ದೇನೋ ಲೆಕ್ಕವಿಲ್ಲ. ಆದರೆ ಭಾವನ ನೆಂಟರು ಹೇರೂರಿನಿಂದ ಯಲ್ಲಾಪುರದವರೆಗೆ ಮೈಲಿಗಲ್ಲಿನ ಹಾಗೆ ಸಾಲಾಗಿ ಇದ್ದರು.

ಬಸ್ಸಿನಲ್ಲಿ ಹೋದರೆ ಯಾರ ಮನೆಗೂ ಹೋಗದಿದ್ದರೂ ತಪ್ಪಿಲ್ಲ. ಬಸ್ಸು ಸರ್ಕಾರದ್ದು, ನಿಲ್ಲುವುದಿಲ್ಲ, ಪಾಪ ಒಳಗೆ ಕೂತವನಾದರೂ ಏನು ಮಾಡ್ಯಾನು. ಸ್ವಂತ ಗಾಡಿ ಇದ್ದೂ ಬಾಗಿಲ ಮುಂದೆ ದಡದಡ ಅನ್ನಿಸಿಕೊಂಡು ಹೋದರೆ ಮಾತ್ರ ಅದು ಸೊಕ್ಕು. ಮುಂದಿನ ಉಪನಯನಕ್ಕೆ ಕರೆಯುವಾಗ ನೆನಪಿಟ್ಟುಕೊಂಡು ಮುಖ ತಿರುಗಿಸುತ್ತಾರೆ. “ಆನು ನಿಲ್ಸದೇ ಹೋದ್ರೆ ಅವು ಎಂತ ತಿಳ್ಕತ್ತ ಮಾರಾಯಾ?” ಅನ್ನುತ್ತಿದ್ದ ಭಾವ. ಹೀಗಾಗಿ ಜಿಲ್ಲೆಯಲ್ಲೇ ಎಲ್ಲಕ್ಕಿಂತ ಜೋರಾದ ಗಾಡಿ ಇಟ್ಟುಕೊಂಡವನು ಎಲ್ಲರಿಗಿಂತ ತಡವಾಗಿ ಊರು ಮುಟ್ಟುತ್ತಿದ್ದ. ಎತ್ತಿನ ಗಾಡಿಯವನೊಬ್ಬ ನಮ್ಮನ್ನು ಒಂದೇ ದಿನದಲ್ಲಿ ಮೂರು ಸಲ ಹಿಂದೆ ಹಾಕಿದ್ದುಂಟು. ಮೂರನೇ ಸಲ ಅವನು ನಮಗೆ ಬೀಡಿ ಕೊಟ್ಟು ಸಮಾಧಾನ ಹೇಳಿದ.

ಇದನ್ನೆಲ್ಲ ನಗುತ್ತಾ ಹೇಳಿಕೊಂಡು ಬಂದಿದ್ದೇನೆ, ವರ್ಷಗಟ್ಟಲೆ. ಒಂದು ಶುಕ್ರವಾರದ್ದು ಮಾತ್ರ ಯಾರಿಗೂ ಹೇಳಿಲ್ಲ.

ಏಪ್ರಿಲ್ ತಿಂಗಳು. ಮಾಸ್ತರಿಗೆ ಸಾಲೆ ರಜೆ, ನಾನು ಅಂಗಡಿಗೆ ಚಕ್ಕರ್ ಹೊಡೆದಿದ್ದೆ. ಸಿದ್ದಾಪುರದ ಕಡೆ ಸುತ್ತಿ ಬರೋಣ ಅಂತ ಹಿಂದಿನ ದಿನವೇ ಹೋಗಿ ಭಾವನ ಮನೆಯಲ್ಲಿ ಉಳಿದಿದ್ದೆವು. ಬೆಳಿಗ್ಗೆ ಜಗುಲಿಯ ಮೇಲೆ ಕೂತು ದೋಸೆ ತಿನ್ನುತ್ತಿದ್ದಾಗ ನಂದೊಳ್ಳಿಯಿಂದ ಒಬ್ಬ ಆಳು ಬಂದ. ನಂದೊಳ್ಳಿ ಯಲ್ಲಾಪುರದ ಹತ್ತಿರದ ಊರು, ಭಾವನ ಹೆಂಡತಿಯ ತವರು. ಅವರ ತಾಯಿಗೆ ನಾಲ್ಕು ದಿನದಿಂದ ಅನ್ನ ಸೇರುತ್ತಿಲ್ಲ, ನೀರೂ ಕಷ್ಟ, ಒಂದೇ ಸವನೆ ಮಗಳನ್ನು ಕರೀರಿ ಮಗಳನ್ನು ಕರೀರಿ ಅಂತಿದ್ದಾರೆ, ಇಷ್ಟು ಹೇಳಿ ಅವನು ಸಿದ್ದಾಪುರದ ಬೇರೆ ನೆಂಟರಿಗೂ ಸುದ್ದಿ ಮುಟ್ಟಿಸಬೇಕು ಅಂತ ಹೊರಟೇಬಿಟ್ಟ.

ಭಾವನ ಹೆಂಡತಿಯನ್ನು ನಾನು ವೈನಿ ಅನ್ನುತ್ತಿದ್ದೆ. ನಮ್ಮ ಕಡೆ ಅಣ್ಣನ ಹೆಂಡತಿಗೆ ಹಾಗೇ ಅನ್ನುವುದು. ಮಾತು ಕಡಿಮೆ. ನಾವು ಮೂವರು ಧೂಳು ಮೆತ್ತಿಕೊಂಡು ಎಷ್ಟು ಹೊತ್ತಿಗೆ ಬಂದರೂ ಎಲೆ ಹಾಕಿ ಬಡಿಸುತ್ತಿದ್ದರು. ಎಲ್ಲಿ ಹೋಗಿದ್ದಿರಿ, ಏನು ನೋಡಿದಿರಿ ಅಂತ ಒಂದು ದಿನ ಕೇಳಿದವರಲ್ಲ. ನಾವೂ ಹೇಳಿದವರಲ್ಲ. ಅವತ್ತು ಅವರು ಒಳಗಿನಿಂದ ಜಗುಲಿಗೇ ಬಂದರು. ಗಂಡಸರು ಕೂತಿರುವಾಗ ಅವರು ಅಲ್ಲಿಗೆ ಬಂದದ್ದು ನಾನು ಅದೇ ಮೊದಲು ನೋಡಿದ್ದು.

“ಎನ್ನ ಈಗ್ಲೇ ಕರ್ಕಂಡು ಹೋಗಿ,” ಅಂದರು.

ಭಾವ ದೋಸೆ ನುಂಗಿ, “ಬೆಳಗಿನ ಬಸ್ಸು ಹೋತಲೇ,” ಅಂದ. ಸಂಜೆಯ ಬಸ್ಸು ಶಿರಸಿಯವರೆಗೆ ಮಾತ್ರ. ಅಲ್ಲಿಂದ ಮುಂದಕ್ಕೆ ಮರುದಿನವೇ.

“ಫಟಫಟಿ ಇದ್ದಲಿ,” ಅಂದರು ವೈನಿ.

ಅಡಿಕೆ ಕತ್ತರಿಸುತ್ತಿದ್ದ ಭಾವನ ತಾಯಿಯ ಕೈ ನಿಂತಿತು. “ಎಂತದೇ ಕೂಸೆ, ಹಗಲು ಹೊತ್ತಿಗೆ ಗಂಡನ ಬೆನ್ನಿಗೆ ಅಂಟ್ಕಂಡು ಹೋದ್ರೆ ನಾಕು ಜನ ಎಂತ ಹೇಳ್ತ?” ಅಂದರು ಮುದುಕಿ. ಇವತ್ತಿನವರಿಗೆ ಇದು ನಗೆಯ ಮಾತು. ಆಗ ನಮ್ಮ ಕಡೆ ಗಂಡ ಹೆಂಡತಿ ರಸ್ತೆಯಲ್ಲಿ ಜೊತೆಗೆ ನಡೆಯುವುದೂ ಇರಲಿಲ್ಲ. ಗಂಡ ಹತ್ತು ಮಾರು ಮುಂದೆ, ಹೆಂಡತಿ ಹಿಂದೆ. ಅಂಥದ್ದರಲ್ಲಿ ಫಟಫಟಿ!

ಆದರೂ ಭಾವ ಅರ್ಧ ಮನಸ್ಸು ಮಾಡಿದ್ದ, ನಾನು ಕಂಡೆ. ಸೀಟಿನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಗಡ್ಡ ಕೆರೆದುಕೊಂಡ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಹ್ಞೂಂ ಅನ್ನುತ್ತಿದ್ದನೋ ಏನೋ. ಆಗ ನನ್ನ ಹಾಳು ನಾಲಿಗೆಗೆ ತುರಿಕೆ ಎದ್ದಿತು.

“ಬ್ಯಾಡ್ರಿ ವೈನಿ,” ಅಂದೆ. “ನೀವಿಬ್ಬರೂ ಅದರ ಮ್ಯಾಲೆ ಹೊಂಟ್ರ ಇನ್ನೊಮ್ಮೆ ಮದಿವಿ ಆತೇನೋ ಅಂತ ಮಂದಿ ದಾರಿಗುಂಟ ಆರತಿ ಹಿಡಕೊಂಡು ನಿಂದರ್ತಾರ!”

ಮಾಸ್ತರು ಬಿದ್ದು ಬಿದ್ದು ನಕ್ಕರು. ಮುದುಕಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಭಾವನ ಕಿವಿ ಕೆಂಪಾಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುವುದು ಸುಳ್ಳಲ್ಲ. ಅವನು ಎದ್ದು ನಿಂತು, “ಮೊದ್ಲು ಆನು ಹೋಗಿ ನೋಡ್ಕಂಡು ಬತ್ತೆ. ಅಷ್ಟು ಜೋರಿದ್ದು ಹೇಳಾದ್ರೆ ನಾಳೆ ಬೆಳಗಿನ ಬಸ್ಸಿಗೆ ಇಬ್ರೂವ ಹೋಪನ,” ಅಂದ.

“ನಿಂಗ ನೋಡಿರೆ ಎಂಗೆ ನೋಡ್ದಾಂಗೆ ಆಗ್ತಾ?” ಅಂತ ವೈನಿ ಕೇಳಿದರು. ಭಾವ ಗಾಡಿಯ ಕಡೆ ನಡೆದ. ನಾನು ಆಗಲೇ ಕೋಟು ಹಾಕಿಕೊಳ್ಳುತ್ತಿದ್ದೆ.

ನೋಡಿ ನಮ್ಮ ಬುದ್ಧಿ! ತಾಯಿ ಕರೆದದ್ದು ಮಗಳನ್ನು. ಹೊರಟವರು ಯಾರು? ಅಳಿಯ, ಅವನ ಹಿಂದೆ ಜವಳಿ ಅಂಗಡಿಯವನು, ಅವರ ಹಿಂದೆ ಡ್ರಾಯಿಂಗ್ ಮಾಸ್ತರು. ಇವರಲ್ಲಿ ಆ ತಾಯಿಗೆ ಯಾರು ಬೇಕಾಗಿದ್ದರು? ಕನ್ನಡಕ ಬೇರೆ ಹಾಕಿಕೊಂಡಿದ್ದೆವು.

ಏಳೂವರೆಗೆ ಬಿಟ್ಟೆವು. ತ್ಯಾಗಲಿ ಕ್ರಾಸಿಗೆ ಬರುವಷ್ಟರಲ್ಲಿ ಭಾವನ ಸೋದರತ್ತೆಯ ಗಂಡ ಹೆಗಲ ಮೇಲೆ ಪಂಚೆ ಹಾಕಿಕೊಂಡು ರಸ್ತೆಯ ಮಧ್ಯೆ ನಿಂತಿದ್ದರು. ಶಬ್ದ ಕೇಳಿ ಬಂದವರು. “ಎಲ್ಲಿಗೆ ಹೊಂಟ್ಯ ತಮಾ? ಬಾ ಬಾ, ಆಸ್ರಿಗೆ ಕುಡ್ಕಂಡು ಹೋಗು.” ಭಾವ ಬೇಡ ಅಂದ, ಅತ್ತೆಗೆ ಸೀಕು, ಅರ್ಜೆಂಟು ಅಂದ. “ಅರ್ಜೆಂಟಿದ್ದವಂಗೇ ಆಸ್ರಿ ಜಾಸ್ತಿ,” ಅಂದರು ಅವರು. ಒಳಗೆ ಹೋದೆವು. ಕಷಾಯ ಬಂತು, ಬಾಳೆಹಣ್ಣು ಬಂತು, ಕವಳದ ಬಟ್ಟಲು ಬಂತು. ಯಾರಿಗೆ ಸೀಕು, ಎಂಥ ಸೀಕು, ಯಾವ ಪಂಡಿತರ ಔಷಧ ಅಂತ ವಿಚಾರಣೆ ಆಯಿತು. ಆ ಮನೆಯ ಸೋದರತ್ತೆ ಹಿತ್ತಲಿಗೆ ಹೋಗಿ ಬೇರು ಕಿತ್ತು, ತೊಳೆದು, ಬಾಳೆ ನಾರಿನಲ್ಲಿ ಕಟ್ಟಿ ಕೊಟ್ಟರು. ಆಮೇಲೆ ಮಾಸ್ತರ ಗಾಡಿ ನೂಕಿದೆವು. ಆ ಒಂದು ಮನೆಗೇ ಮುಕ್ಕಾಲು ತಾಸು ಹೋಯಿತು.

ಅಲ್ಲಿಂದ ಮುಂದೆ ಇನ್ನೆರಡು ಮನೆ. ಒಂದರಲ್ಲಿ ಮಜ್ಜಿಗೆ, ಒಂದರಲ್ಲಿ ಬೆಲ್ಲ-ನೀರು. ಎರಡನೆಯ ಮನೆಯಲ್ಲಿ ಭಾವ ಗಾಡಿ ಬಂದ್ ಮಾಡದೆ, ಹಾಗೇ ನಿಂತು ಕುಡಿದು ಹೋಗುತ್ತೇನೆ ಅಂತ ಧೈರ್ಯ ಮಾಡಿ ಹೇಳಿದ. ಆ ಮನೆಯ ಯಜಮಾನರ ಮುಖ ಬಾಡಿದ್ದು ನೋಡಲಾಗದೆ ಇಳಿದ. ಊರಿಗೆಲ್ಲ ಒಳ್ಳೆಯವನಾಗುವ ಚಟ ಅವನಿಗೆ. ಹೆಂಡಕ್ಕಿಂತ ಕೆಟ್ಟ ಚಟ ಅದು.

ಹವ್ಯಕರನ್ನೇ ಆಡಿಕೊಂಡರೆ ನಮ್ಮವರೇನು ಕಡಿಮೆಯೇ? ಶಿರಸಿ ಮುಟ್ಟುವಾಗ ಹತ್ತೂಕಾಲು. ಪೆಟ್ರೋಲು ಹಾಕಿಸಿಕೊಂಡು ಮುಂದೆ ಹೋಗುವುದಿತ್ತು. ನನ್ನಪ್ಪ ಅಂಗಡಿಯ ಗಾದಿಯ ಮೇಲಿಂದಲೇ ನಮ್ಮನ್ನು ಕಂಡು ಕೈಮಾಡಿ ಕರೆದ. ವಿಷಯ ಕೇಳಿದವನೇ ಗೋಡೆಯ ಕ್ಯಾಲೆಂಡರ್ ನೋಡಿದ. ಶುಕ್ರವಾರ, ಹತ್ತೂವರೆಯಿಂದ ಹನ್ನೆರಡರ ತನಕ ರಾಹುಕಾಲ. “ರಾಹುಕಾಲದಾಗ ಬ್ಯಾನಿ ಬಿದ್ದವರ ಮನಿಗೆ ಹೊಂಟೀರಿ, ಬುದ್ಧಿ ಐತಿಲ್ಲ ನಿಮಗ? ಸುಮ್ಮ ಕುಂದರ್ರಿ!” ಅಂದ. ಕೂತೆವು. ಒಂದೂವರೆ ತಾಸು ಬಟ್ಟೆಯ ಥಾನಿನ ಮೇಲೆ ಒರಗಿ ಕೂತು ಇಸ್ಪೀಟಿನ ಸುದ್ದಿ ಮಾತಾಡಿದೆವು. ಭಾವ ನಡುನಡುವೆ ಎದ್ದು ಬೀದಿ ನೋಡಿ ಬರುತ್ತಿದ್ದ. ಹೋಗೋಣ ಏಳು ಅಂತ ನಾನು ಒಂದು ಮಾತು ಅಂದಿದ್ದರೆ ಎದ್ದುಬಿಡುತ್ತಿದ್ದ. ಅಪ್ಪನಿಗೆ ಎದುರಾಡಬೇಕಲ್ಲ ಅಂತ ನಾನು ಬಾಯಿ ಬಿಡಲಿಲ್ಲ. ಅವರಿವರ ಮೇಲೆಲ್ಲ ಹರಿಯುವ ನಾಲಿಗೆ ಅಲ್ಲಿ ಒಣಗಿತ್ತು.

ಹನ್ನೆರಡು ಹೊಡೆದ ಮೇಲೆ ಯಲ್ಲಾಪುರದ ರಸ್ತೆ ಹಿಡಿದೆವು. ಕಾಡಿನ ನಡುವೆ ನೆರಳು ಹಾಸಿದ ರಸ್ತೆ, ಒಂದು ನರಪಿಳ್ಳೆ ಇಲ್ಲ. ನಿಜ ಹೇಳುತ್ತೇನೆ, ಆ ಅರ್ಧ ತಾಸು ನನಗೆ ಸೀಕೂ ನೆನಪಿರಲಿಲ್ಲ, ವೈನಿಯೂ ನೆನಪಿರಲಿಲ್ಲ. ಗಾಳಿಗೆ ಕೋಟು ಉಬ್ಬಿಸಿಕೊಂಡು ಹಾಡು ಹೇಳುತ್ತಿದ್ದೆ. ಥೂ ನನ್ನ.

ಮಂಚಿಕೇರಿ ದಾಟಿದ ಮೇಲೆ ರಸ್ತೆಯ ಪಕ್ಕವೇ ಭಾವನ ತಾಯಿಯ ಸೋದರಮಾವನ ಮನೆ. ಅಜ್ಜ ಬೇಲಿಯ ಬಳಿ ನಿಂತಿದ್ದ. ಇಲ್ಲಿ ಬರೀ ಆಸ್ರಿಗೆಗೆ ಮುಗಿಯಲಿಲ್ಲ. ಎಲ್ಲಿಗೆ ಹೊರಟದ್ದು ಅಂತ ಗೊತ್ತಾದ ಮೇಲಂತೂ ಆ ಮನೆಯ ಅಜ್ಜಿ ನಮ್ಮನ್ನು ಬಿಡಲೇ ಇಲ್ಲ. “ಸೀಕಿನ ಮನೆಲಿ ನಿಂಗಕ್ಕೆ ಅಡಿಗೆ ಯಾರು ಮಾಡ್ತ? ಅವಕ್ಕೆ ತೊಂದರೆ ಕೊಡಲಾಗ. ಇಲ್ಲೇ ಉಂಡ್ಕಂಡು ಹೋಗವು.” ಎಷ್ಟು ಚಂದದ ತರ್ಕ ನೋಡಿ! ಸಾಯುತ್ತಿರುವವರಿಗೆ ತೊಂದರೆ ಆಗದಿರಲಿ ಅಂತ ನಾವು ನಿಧಾನವಾಗಿ ಹೊಟ್ಟೆ ತುಂಬ ಉಣ್ಣಬೇಕು. ಉಂಡೆವು. ಮಾವಿನಕಾಯಿಯ ಅಪ್ಪೆಹುಳಿ, ಸಿಹಿಗೆ ತೊಡದೇವು, ಮೇಲೆ ತುಪ್ಪ. ನಾನು ತೊಡದೇವು ಎರಡನೇ ಸಲ ಹಾಕಿಸಿಕೊಂಡೆ.

ಕೈ ತೊಳೆಯಲು ಅಂಗಳಕ್ಕೆ ಬಂದಾಗ ಶಿರಸಿಯ ಕಡೆಯಿಂದ ಒಂದು ಲಾರಿ ಬಂತು. ಲಾರಿಗಿಂತ ಮುಂಚೆ ವಾಸನೆ ಬಂತು. ಕರಾವಳಿಯಿಂದ ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೊರಟ ಒಣಮೀನಿನ ಲಾರಿ. ಮನೆಯ ಹೆಂಗಸರು ಮೂಗು ಮುಚ್ಚಿಕೊಂಡು ಒಳಗೆ ಓಡಿದರು. ನಮ್ಮ ಫಟಫಟಿಗಳು ನಿಂತ ಕಡೆ ಅದು ಸ್ವಲ್ಪ ನಿಧಾನ ಮಾಡಿತು, ಆಮೇಲೆ ಮುಂದೆ ಹೋಯಿತು. ಡ್ರೈವರನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದಳು, ಮುಖ ಕಾಣಲಿಲ್ಲ.

“ನೋಡಲೇ ಭಾವ,” ಅಂದೆ ನಾನು, “ಒಣಮೀನ ಮಾರಾಕ ಸಂಸಾರ ಸಮೇತ ಹೊಂಟಾನ. ಧೈರ್ಯ ಅಂದ್ರ ಅದು. ನಿನಗ ಹೆಂಡ್ತೀನ ಗಾಡಿ ಮ್ಯಾಲೆ ಕುಂದರ್ಸಾಕ ಆಗಲಿಲ್ಲ!”

ಭಾವ ನಕ್ಕ, ಬಿಕ್ಕಳಿಕೆ ಬರುವಷ್ಟು ನಕ್ಕ. ಅಜ್ಜ ತಂಬಿಗೆ ನೀರು ತಂದುಕೊಟ್ಟ. ಉಂಡವರು ಕೂಡಲೇ ಹೊರಡಬಾರದು ಅಂತ ಚಾಪೆ ಬಿಚ್ಚಿದರು. ಒಂದು ಗಳಿಗೆ ಅಡ್ಡಾದೆವು. ಎದ್ದ ಮೇಲೆ ಮಾಸ್ತರ ಗಾಡಿಗೆ ಇಳಿಜಾರು ಸಿಗದೆ ಅರ್ಧ ಫರ್ಲಾಂಗು ನೂಕಿದೆವು. ತುಪ್ಪ ತಿಂದ ಹೊಟ್ಟೆಯಲ್ಲಿ ನೂಕುವುದು ಎಷ್ಟು ಕಷ್ಟ ಅಂತ ಆಗಲೂ ಒಂದು ಜೋಕು ಮಾಡಿದ್ದೆ. ಏನು ಅಂತ ಮರೆತಿದೆ, ಪುಣ್ಯಕ್ಕೆ.

ನಂದೊಳ್ಳಿಯ ಮನೆಯಂಗಳ ಮುಟ್ಟಿದಾಗ ನಾಲ್ಕು ಗಂಟೆ. ಅಂಗಳದಲ್ಲಿ ಏಳೆಂಟು ಜನ ಗಂಡಸರು ನಿಂತಿದ್ದರು. ಭಾವ ಗಾಡಿ ಬಂದ್ ಮಾಡಿದ. ಆ ಶಬ್ದ ನಿಂತ ಮೇಲೆ ಒಳಗಿನ ಅಳು ಕೇಳಿತು. ನಾನು ಹಿಂದಿನ ಸೀಟಿನಿಂದ ಇಳಿದು ಕನ್ನಡಕ ತೆಗೆದೆ. ಎದುರು ಜಗುಲಿಯ ಮೇಲೆ ವೈನಿ ನಿಂತಿದ್ದರು.

ನನಗೆ ಮೊದಲು ತಲೆಗೇ ಹೋಗಲಿಲ್ಲ. ಬೆಳಿಗ್ಗೆ ಹೇರೂರಿನಲ್ಲಿ ಬಿಟ್ಟುಬಂದವರು ಇಲ್ಲಿ ಹೇಗೆ? ಹತ್ತಿರ ಹೋದಾಗ ಅವರ ಸೀರೆಯಿಂದ ಒಣಮೀನಿನ ವಾಸನೆ ಬಂತು. ಆಗ ಗೊತ್ತಾಯಿತು. ಅಂಗಳದ ಮಣ್ಣು ಬಾಯಿ ಬಿಟ್ಟು ನನ್ನನ್ನು ನುಂಗಿದ್ದರೆ ಚಲೋ ಇತ್ತು.

“ಬಂದ್ರಾ,” ಅಂದರು ವೈನಿ. “ಆಯಿ ಹೋತು. ಈಗಷ್ಟೇ.”

ಉಳಿದದ್ದನ್ನು ಬಾವಿಯ ಕಟ್ಟೆಯ ಹತ್ತಿರ ವೈನಿಯ ಅಣ್ಣನ ಹೆಂಡತಿ ನಮಗೆ ಮೂವರಿಗೆ ಮಾತ್ರ ದನಿ ತಗ್ಗಿಸಿ ಹೇಳಿದರು. ನಾವು ಬಿಟ್ಟ ಮೇಲೆ ವೈನಿ ಒಂದು ತಾಸು ಸುಮ್ಮನೆ ಕೆಲಸ ಮಾಡಿದರಂತೆ. ಆಮೇಲೆ ಎರಡು ಸೀರೆ ಗಂಟು ಕಟ್ಟಿಕೊಂಡು, “ಆಯಿನ ನೋಡಲೆ ಹೋಗ್ತೆ,” ಅಂತ ಅತ್ತೆಗೆ ಹೇಳಿ ಒಬ್ಬರೇ ರಸ್ತೆಗೆ ನಡೆದರಂತೆ. ಬಿಸಿಲಿನಲ್ಲಿ ಎಷ್ಟೋ ಹೊತ್ತು ನಿಂತ ಮೇಲೆ ಬಂದದ್ದು ಆ ಲಾರಿ. ಡ್ರೈವರ್ ವಯಸ್ಸಾದವನು, ಕೈ ಮುಗಿದು, “ಅಮ್ಮಾ, ಇದರಲ್ಲಿ ನೀವು ಕೂರುವಂತಿಲ್ಲ, ಮೀನಿದೆ,” ಅಂದನಂತೆ. ಇರಲಿ ಅಂದು ಹತ್ತಿದರಂತೆ. ಮಂಚಿಕೇರಿಯ ಆಚೆ ಒಂದು ಮನೆಯ ಮುಂದೆ ಗಂಡನ ಫಟಫಟಿ ಕಂಡು ವೈನಿ ಅತ್ತಲೇ ನೋಡಿದಾಗ ಡ್ರೈವರನೇ ನಿಧಾನ ಮಾಡಿ, ನಿಲ್ಲಿಸಲಾ ಅಂತ ಕೇಳಿದನಂತೆ. ಬೇಡ ಅಂದರಂತೆ. ಅಂಗಳದಲ್ಲಿ ನಾವು ನಗುತ್ತಿದ್ದದ್ದು ಕಂಡಿತಂತೆ. ಏನು ಅಂದದ್ದು ಕೇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಎದೆ ಇರಲಿಲ್ಲ.

ಊರ ತಿರುವಿನಲ್ಲಿ ಇಳಿದು ನಡೆದು ಬಂದು, ತಾಯಿಯ ಪಕ್ಕ ಕೂತರು. ಮೈಲಿಗೆ ಎಂದು ಯಾರೂ ತಡೆಯಲಿಲ್ಲ. ತಾಯಿಗೆ ಇನ್ನೂ ಎಚ್ಚರವಿತ್ತು. ಮಗಳ ಕೈ ಹಿಡಿದುಕೊಂಡು, “ಯಾರ ಜೊತಿಗೆ ಬಂದ್ಯೇ?” ಅಂತ ಕೇಳಿದರಂತೆ.

“ಇವ್ರ ಜೊತಿಗೆ. ಫಟಫಟಿ ಮೇಲೆ.”

“ಎಂಗೆ ಶಬ್ದವೇ ಕೇಳಿದ್ದಿಲ್ಲೆ.”

“ನಿಂಗೆ ಕಿವಿ ಮಂದ ಆಯ್ದು, ಆಯಿ.”

ಮುದುಕಿಗೆ ನಗು ಬಂತಂತೆ. “ಹಿಂದೆ ಕೂರ್ಸ್ಕಂಡು ಬಂದ್ನಾ? ಅಳಿಯ ಒಳ್ಳೆಯಂವ,” ಅಂತ ಎರಡೆರಡು ಸಲ ಅಂದರಂತೆ. ನೀರು ಕುಡಿಸಿಕೊಂಡು, ಒಂದು ತಾಸಿನ ಮೇಲೆ ಹೋದರು.

ಭಾವ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ. ಮಾಸ್ತರು ಅವನ ಹೆಗಲ ಮೇಲೆ ಕೈ ಇಟ್ಟರು. ನಾನು ಇಡಲಿಲ್ಲ. ಬೆಳಿಗ್ಗೆ ಜಗುಲಿಯ ಮೇಲೆ ಅವನ ಕಿವಿ ಕೆಂಪು ಮಾಡಿದವನು ನಾನು, ಈಗ ಯಾವ ಮುಖ ಇಟ್ಟುಕೊಂಡು ಸಮಾಧಾನ ಹೇಳಲಿ?

ಇಷ್ಟಕ್ಕೇ ಮುಗಿಯಲಿಲ್ಲ. ತಾಯಿ ಆಡಿದ ಕಡೆಯ ಮಾತು ಕತ್ತಲಾಗುವುದರೊಳಗೆ ಊರೆಲ್ಲ ಹಬ್ಬಿತು. ನಾವು ತಡವಾಗಿ ಬಂದದ್ದು ಕಂಡವರೂ, ಮಗಳನ್ನು ಊರ ತಿರುವಿನಲ್ಲಿ ಇಳಿಸಿ ಪಂಡಿತರನ್ನು ಕರೆಯಲು ಹೋಗಿದ್ದರು ಅಂತ ತಿಳಿದರು. ಬಂದ ಬಂದವರೆಲ್ಲ ಭಾವನ ಬೆನ್ನು ತಟ್ಟಿದರು. ವೈನಿಯ ಚಿಕ್ಕಪ್ಪ ಕಣ್ಣೊರೆಸಿಕೊಂಡು, “ಒಳ್ಳೆ ಕೆಲ್ಸ ಮಾಡ್ದೆ ತಮಾ. ಹೊತ್ತಿಗೆ ಸರಿಯಾಗಿ ಕೂಸಿನ ತಂದು ಮುಟ್ಸಿದೆ. ಹಿಂಗಿಪ್ಪ ಅಳಿಯ ಎಲ್ಲರಿಗೂ ಸಿಕ್ತ್ವಿಲ್ಲೆ,” ಅಂದರು. ಹಗಲು ಹೊತ್ತಿಗೆ ಹೆಂಡತಿಯನ್ನು ಬೆನ್ನ ಹಿಂದೆ ಕೂರಿಸಿಕೊಂಡು ಬಂದ ಅಂತ ಅಲ್ಲಿ ಒಬ್ಬನೂ ಆಡಿಕೊಳ್ಳಲಿಲ್ಲ. ಆರತಿ ಹಿಡಿದು ನಿಲ್ಲಲಿಲ್ಲ. ನಾಲ್ಕು ಜನ ಏನಂದಾರು ಅಂತ ನಾವು ಅಷ್ಟು ಹೆದರಿದ್ದೆವಲ್ಲ, ಆ ನಾಲ್ಕು ಜನ ಹೊಗಳಿದರು! ಭಾವ ಇಲ್ಲ ಅನ್ನಲೂ ಆಗದೆ, ಹೌದು ಅನ್ನಲೂ ಆಗದೆ ತಲೆ ತಗ್ಗಿಸಿಕೊಂಡು ನಿಂತಿದ್ದ. ನಿಜ ಹೇಳಿದರೆ ಸತ್ತವರ ಸಮಾಧಾನವನ್ನು ಸುಳ್ಳು ಮಾಡಿದ ಹಾಗೆ. ಬಾಗಿಲ ಸಂದಿಯಲ್ಲಿ ನಿಂತ ವೈನಿ ಎಲ್ಲವನ್ನೂ ಕೇಳುತ್ತಿದ್ದರು.

ನಾನೂ ಮಾಸ್ತರೂ ಮರುದಿನ ಶಿರಸಿಗೆ ವಾಪಸಾದೆವು, ನಾನು ಮಾಸ್ತರ ಗಾಡಿ ನೂಕಿಕೊಂಡು. ಹದಿಮೂರನೆಯ ದಿನದ ಊಟಕ್ಕೆ ನಾನೊಬ್ಬನೇ ಬಸ್ಸು ಹತ್ತಿ ನಂದೊಳ್ಳಿಗೆ ಹೋದೆ. ಭಾವ ಕರೆದುಕೊಂಡು ಹೋಗಲು ಬರುತ್ತೇನೆ ಅಂದಿದ್ದ, ಬೇಡ ಅಂದೆ. ಆ ಸೀಟಿನ ಮೇಲೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಅವತ್ತಿನಿಂದ ಕೂರಲೂ ಇಲ್ಲ.

ಊಟ ಆಯಿತು. ನೆಂಟರೆಲ್ಲ ಕವಳ ಹಾಕಿಕೊಂಡು ಜಗುಲಿಯ ಮೇಲೆ, ಅಂಗಳದಲ್ಲಿ ಕೂತಿದ್ದರು, ಮೂವತ್ತು-ನಲವತ್ತು ಜನ. ಭಾವ ಫಟಫಟಿಯನ್ನು ಅಂಗಳದ ಮಧ್ಯಕ್ಕೆ ತಂದು ನಿಲ್ಲಿಸಿದ. ಹಿಂದಿನ ಸೀಟನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಒರೆಸಿದ. ಅದರ ಮೇಲೆ ಹೊಸ ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಸಿದ. ಎಲ್ಲರೂ ನೋಡುತ್ತಿದ್ದರು. ವೈನಿ ಗಂಟು ಹಿಡಿದುಕೊಂಡು ಹೊರಗೆ ಬಂದಾಗ ಅವನು ಎಲ್ಲರಿಗೂ ಕೇಳುವ ಹಾಗೆ, ಗಟ್ಟಿ ದನಿಯಲ್ಲಿ, “ಕುತ್ಗ. ಮನೆಗೆ ಹೋಪನ,” ಅಂದ. ಅಷ್ಟು ಜನರ ಎದುರು ಅವನು ಹಾಗೆ ಅಂದದ್ದು ಸಣ್ಣ ಮಾತಲ್ಲ. ನಾನು ಪಕ್ಕದಲ್ಲೇ ಇದ್ದೆ.

ವೈನಿ ಸೀಟು ನೋಡಿದರು. ಕಂಬಳಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಅವನಿಗೂ ನನಗೂ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು:

“ಇಲ್ಲಿಗೆ ಬಪ್ಪಲೆ ಬೇಕಾಗಿತ್ತು ಈ ಸೀಟು. ಮನೆಗೆ ಹೋಪಲೆ ಬಸ್ಸಿದ್ದು.”